21 ದಿನದಲ್ಲಿ ನಾಯಿ ಕಲಿಯುತ್ತಾ?

ಕೋಲಾರದಿಂದ ಮಾತಾಡ್ತಿದೀನಿ. ಮಾಲೂರಲ್ಲಿ ಟ್ರೈನ್ ಹತ್ತಿದವರು, ನರಸಾಪುರಕ್ಕೆ ಶಿಫ್ಟ್ ಬಸ್ಸಲ್ಲಿ ಹೋಗ್ತಿರೋರು, ಶ್ರೀನಿವಾಸಪುರದಲ್ಲಿ ಮಾವಿನ ತೋಪಿಗೆ ನೀರು ಬಿಟ್ಟು ಇಯರ್‌ಫೋನ್ ಹಾಕ್ಕೊಂಡಿರೋರು, ಎಲ್ಲರಿಗೂ ಸ್ವಾಗತ. ಇವತ್ತು ಒಂದೇ ಪ್ರಶ್ನೆ. ನಾಯಿಗೆ ಕಲಿಸೋಕೆ ಎಷ್ಟು ದಿನ ಬೇಕು?

ರೀಲ್ಸ್ ನೋಡಿದ್ರೆ ಏಳು ದಿನ, 21 ದಿನ ಅಂತಾರೆ. ಈ 21ರ ಲೆಕ್ಕ ನಾಯಿಗಳಿಂದ ಬಂದಿದ್ದಲ್ಲ. 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನೋ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಒಂದು ಪುಸ್ತಕ ಬರೆದರು. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳೋಕೆ ಕನಿಷ್ಠ 21 ದಿನವಾದ್ರೂ ಬೇಕು ಅಂತ ಅದರಲ್ಲಿ ಹೇಳಿದ್ರು. ಬರ್ತಾ ಬರ್ತಾ 'ಕನಿಷ್ಠ' ಅನ್ನೋ ಪದ ಬಿದ್ದುಹೋಯ್ತು, 21 ಮಾತ್ರ ಉಳೀತು.

ಇದರಿಂದ ನಷ್ಟ ಯಾರಿಗೆ? ನಾಯಿಗೆ. ಮೂರು ವಾರ ಆಯ್ತು, ಇನ್ನೂ ಮನೆ ಒಳಗೇ ಉಚ್ಚೆ ಹೊಯ್ಯುತ್ತೆ, ಚಪ್ಪಲಿ ಕಡಿಯುತ್ತೆ. "ಈ ನಾಯಿ ಸರಿ ಇಲ್ಲ" ಅಂತ ತೀರ್ಮಾನ ಆಗುತ್ತೆ. ಆಮೇಲೆ ಇಡೀ ದಿನ ಚೈನಲ್ಲಿ. ಇಲ್ಲಾಂದ್ರೆ ಒಂದು ರಾತ್ರಿ ಕಾರಲ್ಲಿ ಕೂರಿಸಿ ದೂರ ಬಿಟ್ಟು ಬರೋದು. ಮುಳಬಾಗಿಲು ಕಡೆ ಹೈವೇಲಿ ಕುತ್ತಿಗೆಗೆ ಬೆಲ್ಟ್ ಇರೋ ನಾಯಿ ಅಲೀತಿರೋದನ್ನ ನೀವೂ ನೋಡಿರ್ತೀರ. ಹಾಗೆ ಹೊಟ್ಟೆಗಿಲ್ಲದೆ ಸಾಯೋಕೆ ಬಿಡೋದೂ, ಗಿಡ್ಡ ಚೈನಲ್ಲಿ ಗಂಟೆಗಟ್ಟಲೆ ಕಟ್ಟಿಹಾಕೋದೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ.

ಹಾಗಾದ್ರೆ ನಿಜವಾದ ಲೆಕ್ಕ ಏನು? ನಾನು ಬಿಕಾಂ ಓದಿದವನು, ಲೆಕ್ಕದಲ್ಲೇ ಹೇಳ್ತೀನಿ. ಮೊದಲು ವೃತ್ತಿಪರರನ್ನ ನೋಡೋಣ. ಗ್ವಾಲಿಯರ್ ಹತ್ತಿರ ಟೇಕನ್‌ಪುರದಲ್ಲಿ ಬಿಎಸ್‌ಎಫ್‌ನ ರಾಷ್ಟ್ರೀಯ ಶ್ವಾನ ತರಬೇತಿ ಕೇಂದ್ರ ಇದೆ. ಅಲ್ಲಿ ಬಾಂಬ್ ಪತ್ತೆ ಮಾಡೋ ನಾಯಿಗೆ ಸುಮಾರು ಆರು ತಿಂಗಳು, ವಾಸನೆ ಹಿಡಿದು ಜಾಡು ಹೋಗೋ ನಾಯಿಗೆ ಸುಮಾರು ಒಂಬತ್ತು ತಿಂಗಳು ತರಬೇತಿ. 2016ರಲ್ಲಿ ನಮ್ಮ ಮುಧೋಳದ ಮರಿಗಳನ್ನ ಸೇನೆಯವರು ಮೀರತ್‌ಗೆ ಕರ್ಕೊಂಡು ಹೋದಾಗಲೂ ಅದು ತಿಂಗಳುಗಟ್ಟಲೆ ನಡೆದ ಕೆಲಸ. ಆರಿಸಿ ತಂದ ತಳಿ, ದಿನವಿಡೀ ಅದೇ ಕೆಲಸ ಮಾಡೋ ಸಿಬ್ಬಂದಿ, ಆದ್ರೂ ಇಷ್ಟು ಸಮಯ ಬೇಕು. ಇನ್ನೊಂದು ಗಮನಿಸಿ, ಅಲ್ಲಿ ನಾಯಿ ಜೊತೆ ಅದರ ಹ್ಯಾಂಡ್ಲರ್ ಕೂಡ ತರಬೇತಿ ತಗೊಳ್ತಾರೆ.

ಈಗ ನಮ್ಮ ಮನೆಗೆ ಬರೋಣ. ಎರಡು ತಿಂಗಳ ಮರಿ ತಂದಿದ್ದೀರಿ ಅಂದ್ಕೊಳ್ಳಿ. ಹೆಸರು ಕರೆದ್ರೆ ತಿರುಗಿ ನೋಡೋದು ಕೆಲವೇ ದಿನದಲ್ಲಿ ಬರುತ್ತೆ. ತಿಂಡಿ ತೋರಿಸಿ ಕೂರಿಸೋದು ಒಂದು ವಾರದ ಕೆಲಸ. ರೀಲ್ಸಲ್ಲಿ ತೋರಿಸೋದು ಇಷ್ಟೇ. ಉಚ್ಚೆ, ಕಕ್ಕಸಿನ ಅಭ್ಯಾಸ ಪಕ್ಕಾ ಆಗೋಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಬೇಕು, ಕೆಲವಕ್ಕೆ ವರ್ಷ. ಯಾಕಂದ್ರೆ ಮೂರು ತಿಂಗಳ ಮರಿಗೆ ಹಗಲಲ್ಲಿ ಮೂರು ನಾಲ್ಕು ಗಂಟೆಗಿಂತ ಜಾಸ್ತಿ ತಡ್ಕೊಳ್ಳೋ ಶಕ್ತಿನೇ ಇರಲ್ಲ. ಕಡಿಯೋದು ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರೋವರೆಗೂ, ಅಂದ್ರೆ ಆರೇಳು ತಿಂಗಳವರೆಗೂ ಇದ್ದೇ ಇರುತ್ತೆ. ಎಳೆದಾಡದೆ ಬೆಲ್ಟಲ್ಲಿ ನಡೆಯೋಕೆ ಕೆಲವು ತಿಂಗಳು. ಎದುರಿಗೆ ಬೀದಿನಾಯಿ, ಮೇಕೆ, ಚಿಕನ್ ಅಂಗಡಿ ಎಲ್ಲ ಇದ್ದಾಗಲೂ "ಬಾ" ಅಂದ್ರೆ ಓಡಿ ಬರಬೇಕು ಅಂದ್ರೆ ಒಂದು ವರ್ಷ ಇಟ್ಕೊಳ್ಳಿ.

ಮಧ್ಯದಲ್ಲಿ ಒಂದು ಉಲ್ಟಾ ಹೊಡೆಯೋ ಕಾಲವೂ ಇದೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರ ನೇತೃತ್ವದಲ್ಲಿ ನಡೆದ ಒಂದು ಅಧ್ಯಯನ 2020ರಲ್ಲಿ ಪ್ರಕಟ ಆಯ್ತು. ಐದು ತಿಂಗಳಲ್ಲಿ ಚೆನ್ನಾಗಿ ಮಾತು ಕೇಳ್ತಿದ್ದ ನಾಯಿಗಳು ಎಂಟು ತಿಂಗಳಲ್ಲಿ ಸಾಕಿದವರ ಮಾತು ಕಡಿಮೆ ಕೇಳಿದ್ವು. ಹೊರಗಿನವರು ಹೇಳಿದ್ರೆ ಮಾತ್ರ ಕೇಳ್ತಿದ್ವು! ನಮ್ಮ ಮನೆಗಳ ಹದಿನಾಲ್ಕು ವರ್ಷದ ಹುಡುಗರ ಥರಾನೇ ಅಲ್ವಾ? ಇದು ವಯಸ್ಸಿನ ಆಟ, ದಾಟಿ ಹೋಗುತ್ತೆ. ಈ ತಿಂಗಳುಗಳಲ್ಲಿ ಕೈ ಬಿಟ್ರೆ ಅದುವರೆಗೆ ಕಟ್ಟಿದ್ದೆಲ್ಲ ಹೋಗುತ್ತೆ.

ನಮ್ಮ ಜಿಲ್ಲೆಗೇ ಅಂತ ಇನ್ನೊಂದು ಕಾರಣ ಇದೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಕನ್ನಡ, ತೆಲುಗು ಎರಡೂ ನಡೆಯುತ್ತೆ. ಮಗಳು "ಸಿಟ್" ಅಂತಾಳೆ, ಅಪ್ಪ "ಕೂತ್ಕೋ" ಅಂತಾರೆ, ಅಜ್ಜಿ "ಕೂರ್ಚೋ" ಅಂತಾರೆ. ಅಣ್ಣ ಸೋಫಾದಿಂದ ಇಳಿಸ್ತಾನೆ, ಅಮ್ಮ ಪಕ್ಕದಲ್ಲೇ ಮಲಗಿಸ್ಕೊಂಡು ಬಿಸ್ಕೆಟ್ ಹಾಕ್ತಾರೆ. ನಾಯಿ ಯಾರ ಮಾತು ಕೇಳಬೇಕು? ಯಾವ ಭಾಷೆ ಆದ್ರೂ ಪರವಾಗಿಲ್ಲ, ತೆಲುಗೇ ಇರಲಿ, ಆದ್ರೆ ಒಂದು ಕೆಲಸಕ್ಕೆ ಒಂದೇ ಪದ. ಮೊದಲನೇ ದಿನವೇ ಆರು ಪದ ಬರೆದು ಫ್ರಿಜ್ ಮೇಲೆ ಅಂಟಿಸಿ. ತರಬೇತಿಯಲ್ಲಿ ಅರ್ಧ ಸಮಯ ಹೋಗೋದು ಮನೆಯವರು ಒಂದಾಗೋಕೇ.

"ಡ್ಯೂಟಿ ಮುಗಿಸಿ ಬರೋಷ್ಟರಲ್ಲಿ ರಾತ್ರಿ ಆಗುತ್ತೆ, ಟೈಮೆಲ್ಲಿ?" ಅಂತ ಕೇಳ್ತೀರಿ. ಒಳ್ಳೆ ಸುದ್ದಿ ಇದೆ. 2011ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಬೀಗಲ್ ನಾಯಿಗಳಿಗೆ ಒಂದು ಕೆಲಸ ಕಲಿಸಿದ್ರು. ಕೆಲವಕ್ಕೆ ದಿನಾ ಪಾಠ, ಕೆಲವಕ್ಕೆ ವಾರಕ್ಕೆ ಒಂದೆರಡು ಸಲ. ವಾರಕ್ಕೆ ಒಂದೆರಡು ಸಲ ಕಲಿತವು ಕಡಿಮೆ ಪಾಠದಲ್ಲೇ ಕಲಿತ್ವು. ಪಾಠ ಚಿಕ್ಕದಿದ್ದಾಗಲೂ ಕಲಿಕೆ ಚೆನ್ನಾಗಿತ್ತು. ಅಂದ್ರೆ ಭಾನುವಾರ ಎರಡು ಗಂಟೆ ಒಟ್ಟಿಗೆ ತುಂಬಿಸೋದ್ರಿಂದ ಲಾಭ ಇಲ್ಲ. ಹೊಸ ಪಾಠ ಐದು ನಿಮಿಷ ಸಾಕು, ಒಂದೆರಡು ದಿನ ಬಿಟ್ರೂ ನಷ್ಟ ಇಲ್ಲ. ಆದ್ರೆ ಹೊರಗೆ ಕರ್ಕೊಂಡು ಹೋಗೋದು, ಹೊತ್ತಿಗೆ ಸರಿಯಾಗಿ ಊಟ, ಒಂದೇ ನಿಯಮ, ಇವು ಪ್ರತಿದಿನ ತಪ್ಪಬಾರದು. ಪಿಗ್ಮಿ ಕಟ್ಟಿದ ಹಾಗೆ. ದಿನಕ್ಕೆ ಇಪ್ಪತ್ತು ರೂಪಾಯಿ ಏನೂ ಅನ್ಸಲ್ಲ, ವರ್ಷದ ಕೊನೆಗೆ ಪಾಸ್‌ಬುಕ್ ನೋಡಿದ್ರೆ ಗೊತ್ತಾಗುತ್ತೆ.

"ಹದಿನೈದು ದಿನ ನಮ್ಮ ಹತ್ರ ಬಿಡಿ, ರೆಡಿ ಮಾಡಿ ಕೊಡ್ತೀವಿ" ಅನ್ನೋರು ಸಿಗ್ತಾರೆ. ದುಡ್ಡು ಕೊಡೋ ಮುಂಚೆ ಎರಡು ಪ್ರಶ್ನೆ ಕೇಳಿ. ನಾಯಿ ತಪ್ಪು ಮಾಡಿದಾಗ ಏನು ಮಾಡ್ತೀರಿ? ನಮಗೆ ಏನು ಕಲಿಸ್ತೀರಿ? ಮೊದಲನೇದಕ್ಕೆ ಹೊಡೆತ ಅನ್ನೋ ಉತ್ತರ ಬಂದ್ರೆ, ಎರಡನೇದಕ್ಕೆ ಉತ್ತರವೇ ಇಲ್ಲದಿದ್ರೆ, ಮರಿ ಎತ್ಕೊಂಡು ಮನೆಗೆ ಬನ್ನಿ. ಅಲ್ಲಿ ಕಲಿತದ್ದು ಮನೆಯಲ್ಲಿ ನೀವು ಮುಂದುವರಿಸದಿದ್ರೆ ನಿಲ್ಲಲ್ಲ.

ಇನ್ನು ಕೆಲವು ನಾಯಿಗೆ ನಾನು ಹೇಳಿದ ಲೆಕ್ಕ ಹೊಂದಲ್ಲ. ಏಟು ತಿಂದ ನಾಯಿ, ಪಟಾಕಿಗೆ ನಡುಗೋ ನಾಯಿ, ದೊಡ್ಡದಾದ ಮೇಲೆ ಬೀದಿಯಿಂದ ಮನೆಗೆ ಬಂದಿರೋದು. ಅವಕ್ಕೆ ಮೊದಲು ಭಯ ಹೋಗಬೇಕು, ಪಾಠ ಆಮೇಲೆ. ಅದು ತಿಂಗಳುಗಳ ಮಾತು. ಚೆನ್ನಾಗಿದ್ದ ನಾಯಿ ಏಕಾಏಕಿ ಮನೆಯೊಳಗೆ ಉಚ್ಚೆ ಹೊಯ್ದ್ರೆ, ಕಚ್ಚೋಕೆ ಬಂದ್ರೆ, ಟ್ರೇನರ್‌ಗಿಂತ ಮೊದಲು ಪಶುವೈದ್ಯರ ಹತ್ರ ಹೋಗಿ. ನೋವಿರಬಹುದು.

ಕೊನೆಗೆ ಇಷ್ಟು. ಮರಿ ತರೋ ಮುಂಚೆ ಅದರ ರೇಟ್ ಕೇಳ್ತೀವಿ, ತಳಿ ಕೇಳ್ತೀವಿ. ಇನ್ನೊಂದು ಪ್ರಶ್ನೆ ಮನೆಯವರನ್ನೇ ಕೇಳಿ: ಮುಂದಿನ ಒಂದು ವರ್ಷ ಬೆಳಗ್ಗೆ ಇದನ್ನ ಹೊರಗೆ ಕರ್ಕೊಂಡು ಹೋಗೋರು ಯಾರು? ಒಂದು ಹೆಸರು ಬಂದ್ರೆ ತನ್ನಿ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದ್ರೆ, ಈ ವರ್ಷ ಬೇಡ. ಈಗಾಗಲೇ ತಂದು ಮೂರನೇ ವಾರದಲ್ಲಿ ಸುಸ್ತಾಗಿ ಇದನ್ನ ಕೇಳ್ತಿದ್ರೆ, ನಿಮ್ಮ ನಾಯಿ ಸರಿಯಾಗೇ ಇದೆ. ಇನ್ನೂ ಸಮಯ ಬೇಕು, ಅಷ್ಟೇ.

ಮುಂದಿನ ವಾರ ಸಿಗೋಣ.