ಹಳೆಯ ಮನೆ: ಬಲಪಡಿಸಬೇಕೆ, ಕೆಡವಿ ಕಟ್ಟಬೇಕೆ?

ಉದ್ಯೋಗ ನಿಮಿತ್ತ ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳಿಗೆ ಬೀದರ್, ಕಲಬುರಗಿ, ವಿಜಯಪುರ, ಸೊಲ್ಲಾಪುರಗಳ ಕಡೆ ಹಿರಿಯರು ಕಟ್ಟಿಸಿದ ಮನೆಯೊಂದಿರುತ್ತದೆ. ದಪ್ಪ ಕಲ್ಲಿನ ಗೋಡೆ, ಮರದ ಕಂಬ ಮತ್ತು ತೊಲೆ, ಮೇಲೆ ಮಣ್ಣಿನ ಮಾಳಿಗೆ. ಗೋಡೆ ಬಿರುಕು ಬಿಟ್ಟು ಮಾಳಿಗೆ ಸೋರತೊಡಗಿದಾಗ ಅಣ್ಣತಮ್ಮಂದಿರ ನಡುವೆ ಒಂದು ಪ್ರಶ್ನೆ ಏಳುತ್ತದೆ: ಇದನ್ನು ದುರಸ್ತಿ ಮಾಡಿಸುವುದೋ, ಕೆಡವಿ ಹೊಸದನ್ನು ಕಟ್ಟಿಸುವುದೋ? ಸಾಮಾನ್ಯವಾಗಿ ಕೈಯಲ್ಲಿರುವ ಹಣ ಅಥವಾ ಮನೆಯ ಮೇಲಿನ ಮಮತೆ ಇದನ್ನು ನಿರ್ಧರಿಸುತ್ತದೆ. ಆದರೆ ಮೊದಲು ವಿಚಾರಿಸಬೇಕಾದುದು, ಮನೆಯೊಳಗೆ ಮಲಗುವವರ ಸುರಕ್ಷತೆಯನ್ನು.

1993ರ ಸೆಪ್ಟೆಂಬರ್ 30ರಂದು ನಸುಕಿನ ನಾಲ್ಕು ಗಂಟೆಯ ಸುಮಾರಿಗೆ ಲಾತೂರು ಜಿಲ್ಲೆಯ ಕಿಲ್ಲಾರಿ ಪ್ರದೇಶದಲ್ಲಿ ಭೂಮಿ ನಡುಗಿತು. ಅಂದಿನ ಭೂಕಂಪ ವಲಯ ನಕ್ಷೆಯ ಪ್ರಕಾರ ಅದು ಅತಿ ಕಡಿಮೆ ಅಪಾಯದ ಪ್ರದೇಶ. ಆದರೂ ನಿದ್ರೆಯಲ್ಲಿದ್ದ ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಬಹುಮಟ್ಟಿಗೆ ಅವರ ಮೇಲೆ ಕುಸಿದದ್ದು ಅವರವೇ ಮನೆಗಳ ಗೋಡೆ, ಮಾಳಿಗೆಗಳು. 2002ರಲ್ಲಿ ಪರಿಷ್ಕೃತವಾದ ನಕ್ಷೆಯಲ್ಲಿ ಆ 'ಅತಿ ಕಡಿಮೆ ಅಪಾಯ'ದ ವಲಯವನ್ನೇ ಕೈಬಿಡಲಾಯಿತು.

ಅಲ್ಲಿನ ಗೋಡೆಗಳು ದಪ್ಪವಾಗಿದ್ದವು, ಗಟ್ಟಿಯಾಗಿರಲಿಲ್ಲ. ಒಳಮುಖ ಮತ್ತು ಹೊರಮುಖಗಳನ್ನು ಬೇರೆಬೇರೆಯಾಗಿ ಕಟ್ಟಿ ನಡುವೆ ಚೂರುಗಲ್ಲು, ಮಣ್ಣು ತುಂಬಲಾಗಿತ್ತು. ಕಂಪನವಾದೊಡನೆ ಎರಡು ಮುಖಗಳೂ ಬೇರ್ಪಟ್ಟು ಉರುಳಿದವು. ಮಳೆ ಸೋರದಿರಲೆಂದು ವರ್ಷ ವರ್ಷವೂ ಹಾಕುತ್ತ ಬಂದ ಮಣ್ಣಿನಿಂದ ಮಾಳಿಗೆಯ ಭಾರವೂ ಹೆಚ್ಚಿತ್ತು. ಆದರೆ ಗೋಡೆ ಬಿದ್ದರೂ ಮರದ ಚೌಕಟ್ಟು ನಿಂತುಕೊಂಡ ಮನೆಗಳೂ ಇದ್ದವು.

ಪುನರ್ವಸತಿ ಕಾರ್ಯದಲ್ಲಿ ಎರಡೂ ಮಾರ್ಗಗಳನ್ನು ಅನುಸರಿಸಲಾಯಿತು. ಸಂಪೂರ್ಣ ನಾಶವಾದ ಐವತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಬೇರೆಡೆ ಹೊಸದಾಗಿ ಕಟ್ಟಲಾಯಿತು. ಕಡಿಮೆ ಹಾನಿಗೊಂಡ ಹಳ್ಳಿಗಳಲ್ಲಿ ಇದ್ದ ಮನೆಗಳನ್ನೇ ದುರಸ್ತಿಗೊಳಿಸಿ ಬಲಪಡಿಸುವ ಕಾರ್ಯಕ್ರಮವನ್ನು ಕೈಗೊಳ್ಳಲಾಯಿತು.

ಬಲಪಡಿಸುವುದೆಂದರೆ ಬಿರುಕಿಗೆ ಗಾರೆ ಮೆತ್ತಿ ಸುಣ್ಣ ಬಳಿಯುವುದಲ್ಲ. ಮಾಳಿಗೆಯ ಹೆಚ್ಚುವರಿ ಮಣ್ಣನ್ನು ಇಳಿಸಬೇಕು. ಗೋಡೆಯಲ್ಲಿ ಅಲ್ಲಲ್ಲಿ ಆರುಪಾರು ರಂಧ್ರ ಮಾಡಿ, ಕಬ್ಬಿಣದ ಸರಳಿಟ್ಟು ಕಾಂಕ್ರೀಟ್ ತುಂಬಿ, ಎರಡು ಮುಖಗಳನ್ನೂ ಒಂದಾಗಿಸಬೇಕು. ಬಾಗಿಲು, ಕಿಟಕಿಗಳ ಮೇಲ್ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತುವರಿಯುವ ಬಲವಾದ ಪಟ್ಟಿ ಇರಬೇಕು. ಕಂಬ ಮತ್ತು ತೊಲೆಗಳ ಕೂಡುವಿಕೆಗೆ ಓರೆ ಆಧಾರ ಕೊಡಬೇಕು. ಈ ಬಗ್ಗೆ ಭಾರತೀಯ ಮಾನಕ ಬ್ಯೂರೋ 1993ರಲ್ಲಿಯೇ ಮಾರ್ಗದರ್ಶಿ ಸೂತ್ರಗಳನ್ನು ಪ್ರಕಟಿಸಿದೆ.

ಹಾಗಾದರೆ ಯಾವ ಮನೆಯನ್ನು ಉಳಿಸಿಕೊಳ್ಳಬೇಕು? ತಳಪಾಯ ಕುಸಿಯದೆ, ಗೋಡೆಗಳು ನೆಟ್ಟಗಿದ್ದು, ಮರಕ್ಕೆ ಗೆದ್ದಲು ಹಿಡಿಯದಿದ್ದರೆ ಬಲಪಡಿಸುವುದು ಸಾಮಾನ್ಯವಾಗಿ ಮಿತವ್ಯಯದ ಮಾರ್ಗ. ಎರೆಭೂಮಿಯಲ್ಲಿ ತಳಪಾಯವೇ ಸರಿದಿದ್ದರೆ, ಗೋಡೆಗಳು ಹೊರಕ್ಕೆ ಉಬ್ಬಿ ಮೂಲೆಗಳಲ್ಲಿ ಬಾಯಿಬಿಟ್ಟಿದ್ದರೆ, ಅಥವಾ ನಿವೇಶನಕ್ಕೇ ನೆರೆಯ ಭಯವಿದ್ದರೆ, ದುರಸ್ತಿಗೆ ಹಾಕಿದ ಹಣ ವ್ಯರ್ಥವಾಗುವ ಸಂಭವ ಹೆಚ್ಚು. ಅಂತಹ ಕಡೆ ಹೊಸ ಮನೆಯೇ ಲೇಸು. ಈ ಪರೀಕ್ಷೆಯನ್ನು ಕಟ್ಟಡದ ಕಂತ್ರಾಟುದಾರನಿಗೆ ಬಿಡದೆ, ಅನುಭವಿ ಸಿವಿಲ್ ಇಂಜಿನಿಯರರಿಂದ ಮಾಡಿಸುವುದು ಅಗತ್ಯ.

ವೆಚ್ಚದ ಲೆಕ್ಕದಲ್ಲಿ ಕೆಡವುವ ಕೂಲಿ, ಕಟ್ಟಡ ಮುಗಿಯುವವರೆಗಿನ ಬಾಡಿಗೆ, ಹಳೆಯ ಕಲ್ಲು ಮತ್ತು ಮರದ ಮರುಬಳಕೆ ಇವೆಲ್ಲವೂ ಸೇರಬೇಕು. ಪಿತ್ರಾರ್ಜಿತ ಮನೆಯಾದರೆ ಪಾಲುದಾರರೆಲ್ಲರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಬೇಕು. ಹೊಸ ಕಟ್ಟಡಕ್ಕೆ ಸ್ಥಳೀಯ ಸಂಸ್ಥೆಯ ಪರವಾನಗಿಯೂ ಬೇಕಾಗುತ್ತದೆ. ಸುತ್ತ ಬಿಡಬೇಕಾದ ಜಾಗದ ನಿಯಮದಿಂದ ಹೊಸ ಮನೆ ಹಳೆಯದಕ್ಕಿಂತ ಕಿರಿದಾಗಬಹುದೆಂಬುದನ್ನೂ ಗಮನಿಸಬೇಕು.

ಸಿಮೆಂಟಿನದೆಂಬ ಮಾತ್ರಕ್ಕೆ ಹೊಸ ಮನೆ ಸುರಕ್ಷಿತವೆಂದು ಭಾವಿಸಲಾಗದು. 2001ರ ಜನವರಿ 26ರ ಗುಜರಾತ್ ಭೂಕಂಪದಲ್ಲಿ ಅಹಮದಾಬಾದಿನ ಬಹುಮಹಡಿ ಕಾಂಕ್ರೀಟ್ ಕಟ್ಟಡಗಳೂ ಕುಸಿದವು. ಹಳೆಯದಿರಲಿ, ಹೊಸದಿರಲಿ, ಗೋಡೆ ಗೋಡೆಗೂ, ಗೋಡೆ ಮಾಳಿಗೆಗೂ ಬಿಗಿಯಾದ ಹೊಂದಿಕೆಯಿರುವ ಮನೆಯೇ ನಂಬಿಕೆಗೆ ಅರ್ಹ. ಊರಿನ ಮನೆಯಲ್ಲಿ ವೃದ್ಧ ತಂದೆತಾಯಿಗಳು ವಾಸವಾಗಿದ್ದರೆ ಈ ಪರೀಕ್ಷೆಯನ್ನು ಮುಂದಿನ ರಜೆಗೆ ಮುಂದೂಡದಿರುವುದು ಒಳಿತು.