ರೆಕ್ಕೆಯಿಲ್ಲದ ದೇವಿಯರು

ಗ್ರೀಕರ ವಿಜಯದೇವತೆ ನೀಕೆಗೆ ರೆಕ್ಕೆಗಳುಂಟು. ಈಜಿಪ್ಟಿನ ಐಸಿಸ್ ದೇವಿ ತನ್ನ ರೆಕ್ಕೆಗಳನ್ನು ಬೀಸಿ ಮೃತಪತಿ ಒಸಿರಿಸನಿಗೆ ಉಸಿರು ತುಂಬಿದಳೆಂದು ಅಲ್ಲಿಯ ಪುರಾಣ ಹೇಳುತ್ತದೆ. ನಮ್ಮ ದೇವಿಯರ ಕಡೆ ತಿರುಗಿದರೆ ನೋಟವೇ ಬೇರೆ. ಸರಸ್ವತಿಗೆ ಹಂಸ, ಕೌಮಾರಿಗೆ ನವಿಲು, ವೈಷ್ಣವಿಗೆ ಗರುಡ. ರೆಕ್ಕೆಗಳೆಲ್ಲ ವಾಹನದ ಪಾಲು. ದೇವಿಗೆ ತೋಳುಗಳು ಹೆಚ್ಚಿದವೇ ಹೊರತು ರೆಕ್ಕೆ ಮೂಡಲಿಲ್ಲ. ಪ್ರಾಚೀನ ವೈಶಾಲಿಯ ನೆಲದಲ್ಲಿ ದೊರೆತ, ರೆಕ್ಕೆಯುಳ್ಳ ಮಣ್ಣಿನ ಸ್ತ್ರೀಮೂರ್ತಿಯಂಥವು ವಿರಳವಾದ ಅಪವಾದಗಳು.

ಹಾಗಾದರೆ ರೆಕ್ಕೆ ನಮಗೆ ಏನನ್ನು ಸೂಚಿಸುತ್ತದೆ? ಬಳ್ಳಿಗಾವೆಯಲ್ಲಿ 1047ರಲ್ಲಿ ನಿಂತ ಗಂಡಭೇರುಂಡ ಸ್ತಂಭದಿಂದ ಹಿಡಿದು ಮೈಸೂರು ಅರಸರ ಲಾಂಛನ, ಇಂದಿನ ರಾಜ್ಯಲಾಂಛನದವರೆಗೆ ಅದನ್ನು ನಾವು ಪರಾಕ್ರಮದ ಗುರುತೆಂದೇ ಕಂಡಿದ್ದೇವೆ. ಆದರೆ ಮಹಾಭಾರತದ ಆದಿಪರ್ವ ಇನ್ನೊಂದು ಮಾತನ್ನು ಹೇಳುತ್ತದೆ. ವಿನತೆ ಕುದುರೆಯ ಬಾಲದ ಬಣ್ಣದ ಮೇಲೆ ಪಂತ ಕಟ್ಟಿ, ಮೋಸಕ್ಕೆ ಸೋತು, ಸವತಿ ಕದ್ರುವಿಗೆ ದಾಸಿಯಾದಳು. ಮಗ ಗರುಡ ದೇವಲೋಕಕ್ಕೆ ಹಾರಿ ಅಮೃತವನ್ನು ತಂದ. ಕಲಶ ಕೈಯಲ್ಲಿದ್ದರೂ ತಾನು ತೊಟ್ಟು ಕುಡಿಯಲಿಲ್ಲ. ಆ ಮಹಾಪಕ್ಷಗಳು ವಿಷ್ಣುವನ್ನು ಹೊರುವ ಮೊದಲೇ ತಾಯಿಯ ದಾಸ್ಯವನ್ನು ನೀಗಿದ್ದವು.

ಶೈವರ ಕಥೆಯಲ್ಲಿ ಈ ಸಂಕೇತ ಮತ್ತಷ್ಟು ಗಹನವಾಗುತ್ತದೆ. ನರಸಿಂಹನ ಉಗ್ರತೆಯನ್ನು ಶಮನಗೊಳಿಸಲು ಶಿವನು ಶರಭನಾದನಷ್ಟೆ. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿಯೂ ಶರಭಮೂರ್ತಿಯ ಲಕ್ಷಣವುಂಟು. ಶರಭನ ಧ್ಯಾನಶ್ಲೋಕದ ಪ್ರಕಾರ ಅವನ ಎರಡು ರೆಕ್ಕೆಗಳು ಕಾಳಿ ಮತ್ತು ದುರ್ಗೆ. ಬೆಂಗಳೂರಿನ ಉತ್ತರಕ್ಕಿರುವ ವಿದ್ಯಾರಣ್ಯಪುರದಲ್ಲಿ ಕಾಳಿಕಾ ದುರ್ಗಾಪರಮೇಶ್ವರಿಯ ದೇವಾಲಯವಿದೆ. ಆ ಎರಡು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಕೇಳಿದಾಗಲೆಲ್ಲ ನನಗೆ ಶರಭನ ನೆನಪಾಗುತ್ತದೆ. ನಮ್ಮ ದೇವಿಗೆ ರೆಕ್ಕೆಗಳೇಕೆ ಇಲ್ಲವೆಂಬ ಪ್ರಶ್ನೆಗೆ ಇಲ್ಲೊಂದು ಉತ್ತರ ಹೊಳೆಯುತ್ತದೆ: ಆಕೆಯೇ ರೆಕ್ಕೆ.

ಇದನ್ನು ಸ್ತ್ರೀಯ ಹೊಗಳಿಕೆಯೆಂದು ಮಾತ್ರ ಸ್ವೀಕರಿಸಿ ಸುಮ್ಮನಾಗಲು ನನಗೆ ಮನಸ್ಸಿಲ್ಲ. ಹಾರಿದವನ ಹೆಸರು ಲೋಕಪ್ರಸಿದ್ಧವಾಯಿತು. ಹಾರಿಸಿದವರ ಹೆಸರು ಶ್ಲೋಕದೊಳಗೆ ಅಡಗಿತು. ನಮ್ಮ ಮನೆಗಳಲ್ಲಿಯೂ ಗಂಡನ ಉದ್ಯೋಗಕ್ಕೆ, ಮಕ್ಕಳ ವಿದ್ಯೆಗೆ ರೆಕ್ಕೆಯಾಗಿ ತಾನು ಮಾತ್ರ ಹೊಸಿಲು ದಾಟದೆ ಉಳಿದ ಹೆಂಗಸರೆಷ್ಟು ಮಂದಿ! ಅವರನ್ನು ಶಕ್ತಿಯೆಂದು ಕರೆದು ಕೈಮುಗಿಯುವುದು ಸುಲಭ. ಗರುಡನು ತಾಯಿಗೆ ಕೈಮುಗಿದು ನಿಲ್ಲಲಿಲ್ಲ. ಆಕೆಯ ಬಿಡುಗಡೆಗೆ ತೆರಬೇಕಾದ ಬೆಲೆಯೇನೆಂದು ಸರ್ಪಗಳನ್ನು ಕೇಳಿ ತಿಳಿದು, ಅದನ್ನು ತಂದುಕೊಟ್ಟ. ನಮಗಾಗಿ ರೆಕ್ಕೆಯಾದವರ ಋಣವನ್ನು ತೀರಿಸುವ ಬಗೆ ಇದೇ ಎಂದು ನಾನು ತಿಳಿದಿದ್ದೇನೆ.