ಊರ ಕಾವಲು



ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಸುಗ್ಗಿ ಮುಗಿದೊಡನೆ ಕದರಮಂಡಲಗಿಯಂಥ ಊರುಗಳ ಕೂಲಿಕಾರರಿಗೆ ಕೆಲಸವು ಕಡಿಮೆಯಾಗುವುದು. ಮೋಸಗಾರರು ಕಾದಿರುವುದು ಇಂಥ ಸಮಯವನ್ನೇ. ಕೈಗೆ ಮುಂಗಡ ಹಣ, ಬಾಯಲ್ಲಿ ಪಟ್ಟಣದ ಉದ್ಯೋಗದ ಮಾತು, ಇಲ್ಲವೆ ಖರ್ಚಿಲ್ಲದ ಮದುವೆಯ ಆಸೆ; ಇವೇ ಅವರ ಬಲೆ.

ಮನುಷ್ಯರ ಮಾರಾಟವನ್ನು 1950ರಲ್ಲಿ ಜಾರಿಗೆ ಬಂದ ಸಂವಿಧಾನದ 23ನೆಯ ಅನುಚ್ಛೇದವು ನಿಷೇಧಿಸಿರುವುದು. ಜೀತವು 1976ರ ಕಾಯಿದೆಯಿಂದಲೂ, ದೇವದಾಸಿ ಸಮರ್ಪಣೆಯು ಕರ್ನಾಟಕದ 1982ರ ಕಾಯಿದೆಯಿಂದಲೂ ನಿಷಿದ್ಧವಾದವು. ಆದರೆ ಕಾಯಿದೆಯಿರುವುದು ದೂರದ ಕಚೇರಿಯಲ್ಲಿ. ಮಗು ಕಾಣೆಯಾಗುವುದು ನಮ್ಮ ಓಣಿಯಲ್ಲಿ. ಆದುದರಿಂದಲೇ ರಾಜ್ಯ ಸರಕಾರವು ಈ ಸಾಗಾಣಿಕೆಯನ್ನು ತಡೆಯುವ ಸಮಿತಿಗಳನ್ನು ಗ್ರಾಮ ಪಂಚಾಯತಿಯ ಮಟ್ಟದವರೆಗೂ ಏರ್ಪಡಿಸಿರುವುದು. ಊರಿನಿಂದ ಯಾರು, ಯಾರೊಡನೆ, ಎಲ್ಲಿಗೆ ಹೋದರೆಂಬುದನ್ನು ಅರಿಯುವುದು, ಶಾಲೆ ಬಿಟ್ಟ ಮಗುವನ್ನು ವಿಚಾರಿಸುವುದು, ಸಂಶಯ ಬಂದೊಡನೆ ಪೊಲೀಸರಿಗೂ ಮಕ್ಕಳ ಸಹಾಯವಾಣಿ 1098ಕ್ಕೂ ತಿಳಿಸುವುದು. ಪಂಚಾಯತಿಯು ಮಾಡಬಲ್ಲ ಕಾವಲಿದು. ನೆರೆಹೊರೆಯವರು ಬಾಯಿಬಿಡದಿದ್ದರೆ ಇದು ನಡೆಯದು. ಮಾನ ಹೋದೀತೆಂದು ಮನೆಯವರು ಮುಚ್ಚಿಡುವ ಒಂದೊಂದು ದಿನವೂ ಮಾರುವವನಿಗೆ ಲಾಭವು.

ಇನ್ನು, ಪಾರಾಗಿ ಮರಳಿ ಬಂದವಳ ಗತಿಯೇನು? ಹನ್ನೆರಡನೆಯ ಶತಮಾನದ ಶರಣರು ಸೂಳೆ ಸಂಕವ್ವೆಯನ್ನು ದೂರವಿಡಲಿಲ್ಲ. ವಚನಕಾರ್ತಿಯರ ಸಾಲಿನಲ್ಲಿ ಆಕೆಯ ಹೆಸರು ಇಂದಿಗೂ ಉಳಿದಿರುವುದು. ಪಾಪವು ಮಾರಿದವನದು, ಮಾರಿಹೋದವಳದಲ್ಲ. ಮಠದ ಪ್ರಸಾದದ ಪಂಕ್ತಿಯಲ್ಲಿ ಆಕೆಗೆ ಎಡೆ ದೊರೆಯದಿದ್ದರೆ ಪಂಚಾಯತಿಯ ಶ್ರಮವೆಲ್ಲವೂ ವ್ಯರ್ಥವೇ ಸರಿ. ಬಾಗಿಲು ತೆರೆದಿಡುವುದು ಭಕ್ತರ ಕರ್ತವ್ಯವು.